ಇಬ್ಬರಿಗೊಬ್ಬ ಲಾಯರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ತಾಲೂಕು ಜರಡಿ ಹಿಡಿದ್ರೂ ನನ್ನಂಗೆ ಕಥೆ ಹೇಳೋನು ಇನ್ನೊಬ್ಬ ಸಿಗಲ್ಲ. ಸಿಕ್ಕರೆ ಕರ್ಕಂಬರ್ರಿ, ಮೀಸೆ ಬೋಳಿಸ್ಕಂತೀನಿ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಅದು ಬ್ಯಾರೆ ವಿಷ್ಯ. ಈಗ ಹೇಳೋ ಕಥೇಲಿ ಫೈಟ್ ಇಲ್ಲ, ಸಾಂಗ್ ಇಲ್ಲ. ಆದ್ರೂ ಕ್ಲೈಮ್ಯಾಕ್ಸ್‌ನಾಗೆ ನಮ್ ಹೀರೋ ಕೋರ್ಟಿನೊಳಗೆ ನಿಂತ್ಕಂಡು ಒಂದು ಡೈಲಾಗ್ ಹೊಡೀತಾನೆ ನೋಡ್ರಿ, ಆ ಸೌಂಡಿಗೆ ಗೋಡೆ ಬಿರುಕು ಬಿಟ್ಟೈತೆ. ಸುಳ್ಳು ಅನ್ನೋರು ಹಿರಿಯೂರಿಗೆ ಹೋಗಿ ನೋಡ್ಕಂಬರ್ರಿ. ನಂಬೋರು ಇಲ್ಲೇ ಕುಂತ್ಕಳ್ರಿ, ಫೋನ್ ಒಳಗಿಡ್ರಿ.

ಹೀರೋ ಹೆಸ್ರು ಜುಂಜೇಶ. ಯಲ್ಲದಕೆರೆ ಮಗ್ಗುಲಾಗಿನ ಒಂದು ಹಟ್ಟಿಯೋನು. ಅಪ್ಪ ಕಾಟಲಿಂಗಪ್ಪ ಕುರಿ ಕಾಯೋನು, ದಿನಕ್ಕೆ ಹತ್ತು ಮಾತಾಡಿದ್ರೆ ಅದ್ರಾಗೆ ಒಂಬತ್ತು ಕುರಿಗಳ ಜೊತೆ. ಆ ಮನೆಯ ಮಿಕ್ಕ ಮಾತನ್ನೆಲ್ಲ ಗುತ್ತಿಗೆ ತಗಂಡಿದ್ದೋನು ಜುಂಜೇಶ. ಅದೂ ನಮ್ಮ ನಿಮ್ಮಂಗೆ ಮಾತಲ್ಲ, ಬರೀ ಡೈಲಾಗು. ಸಾರಿಗೆ ಉಪ್ಪು ಕಮ್ಮಿ ಆದ್ರೆ ತಟ್ಟೆ ಮುಂದಿಂದ ಎದ್ದು ನಿಂತು, "ಅಜ್ಜೀ! ಈ ಸಾರಿಗೂ ಆ ಉಪ್ಪಿಗೂ ಏನ್ ದ್ವೇಷ? ಇವತ್ತು ಎರಡನ್ನೂ ಒಂದು ಮಾಡ್ದೆ ಹೋದ್ರೆ ನಾನು ಕಾಟಲಿಂಗಪ್ಪನ ಮಗನೇ ಅಲ್ಲ!" ಅಂತಿದ್ದ. ಅಜ್ಜಿ ಜುಂಜಮ್ಮ ಉಪ್ಪಿನ ಡಬ್ಬೀನೇ ಅವನ ಕಡೆ ಎಸೆದು, "ನೆಕ್ಕೋ ಹೀರೋ" ಅಂತಿದ್ಲು.

ಒಂದ್ಸಲ ಯಾರೋ ದೊಡ್ಡ ಸಾಹೇಬ್ರ ದನಿ ಮಾಡಿ ಡೈರಿ ಸೆಕ್ರೆಟರಿಗೆ ಫೋನ್ ಹಚ್ಚಿದ್ದ. "ನಾಳೆ ಎಮ್ಮೆಗಳ ಫೋಟೋ ತೆಗೀತೀವಿ, ಎಲ್ಲಾ ಮೈ ತೊಳ್ಸಿ ಸಾಲಾಗಿ ನಿಲ್ಸಿ." ಮಾರನೇ ದಿನ ಮಧ್ಯಾಹ್ನದ ತನಕ ಊರೋರೆಲ್ಲ ಎಮ್ಮೆ ತೊಳ್ಕಂಡು ಬಿಸಿಲಾಗೆ ನಿಂತಿದ್ರು. ಸಿಕ್ಕಿಬಿದ್ದಾಗ, "ಎಮ್ಮೆ ಮೈ ಶುದ್ಧ ಆತಲ್ಲ, ನಂಗೊಂದು ಹಾರ ಹಾಕ್ರಪ್ಪ" ಅಂದ. ಹಾರ ಹಾಕ್ಲಿಲ್ಲ. ಸಗಣಿ ಹಾಕಿದ್ರು.

ಇಂಥೋನಿಗೆ ಕೆಲಸ ಕೊಟ್ಟಿದ್ದು ಹೊಸದುರ್ಗದ ಚಿತ್ರಲಿಂಗಪ್ಪ. ತೆಂಗಿನಕಾಯಿ ವ್ಯಾಪಾರದಾಗೆ ದೊಡ್ಡ ಕುಳ, ಮನೆ ಮುಂದೆ ಪಿಕಪ್ ಗಾಡಿ ನಿಂತಿರ್ತವೆ. ಅದ್ರಾಗೆ ಒಂದನ್ನ ಜುಂಜೇಶ ಓಡಿಸ್ತಿದ್ದ. ಕಾಯಿ ಇದ್ರೆ ಕಾಯಿ, ಸಂತೆ ದಿನ ಕುರಿ. ಚಿತ್ರಲಿಂಗಪ್ಪನ ಮಗ ಚೇತನ್‌ಕುಮಾರ್ ಜುಂಜೇಶನಿಗಿಂತ ಸ್ವಲ್ಪ ದೊಡ್ಡೋನು. ಒಳ್ಳೆ ಶರ್ಟು, ಕೆಟ್ಟ ಸಾವಾಸ. ಜುಂಜೇಶ ಅವನ್ನ "ಚೇತಣ್ಣ" ಅಂತಿದ್ದ, ಅವನು ಇವನ್ನ "ಏನ್ಲೇ ಹೀರೋ" ಅಂತಿದ್ದ.

ಒಂದು ಸಂತೆ ದಿನ ಬೆಳಗ್ಗೆ ಚೇತಣ್ಣನ ಫೋನು. "ಲೇ ಹೀರೋ, ಯಲ್ಲದಕೆರೆ ಬಸ್ ಸ್ಟಾಪಿಗೆ ಬಾ. ಕುರಿ ಲೋಡ್ ಆಗೈತೆ, ಹೊಸದುರ್ಗ ಸಂತೆಗೆ ಹೊಡಿ." ಜುಂಜೇಶ ಹೋದಾಗ ಬಸ್ ಸ್ಟಾಪಿನ ಯಲ್ಲಕ್ಕನ ಟೀ ಹೋಟ್ಲು ಮುಂದೆ ಗಾಡಿ ನಿಂತಿತ್ತು, ಹಿಂದೆ ತುಂಬಾ ಕುರಿ. ಚೇತಣ್ಣ ಡ್ರೈವರ್ ಸೀಟಿಂದ ಇಳ್ದ, ಕೀ ಕೈಗಿಟ್ಟ, ಯಲ್ಲಕ್ಕನ ಹತ್ರ ಒಂದು ಟೀ ಕುಡ್ದು ಯಾರದೋ ಬೈಕ್ ಹತ್ತಿ ಹೋದ. ಯಲ್ಲಕ್ಕ ಗ್ಲಾಸ್ ತೊಳೀತಾ ಎಲ್ಲಾ ನೋಡಿದ್ಲು.

ಕುರಿ ಕಾಯೋನ ಮಗ ಆದೋನು ಏನ್ ಮಾಡ್ಬೇಕು ಮೊದ್ಲು? ಕಿವಿ ನೋಡ್ಬೇಕು. ಆ ಕಡೆ ಹಟ್ಟಿಗಳಾಗೆ ಒಂದೊಂದು ಮನೆಯೋರು ಕುರಿ ಕಿವೀನ ಒಂದೊಂದು ತರ ಕತ್ರಿಸ್ತಾರೆ, ಅದೇ ಗುರುತು. ಮೂರು ವರ್ಷದ ಮಗೂಗೂ ಅದು ಗೊತ್ತು. ಜುಂಜೇಶ ಕಿವಿ ನೋಡ್ಲಿಲ್ಲ. ಕನ್ನಡಿ ನೋಡ್ದ. ಕ್ರಾಪ್ ಸರಿ ಮಾಡ್ಕಂಡು, ಫೋನನ್ನ ಡ್ಯಾಶ್‌ಬೋರ್ಡ್ ಮ್ಯಾಲೆ ನಿಲ್ಸಿ ರೀಲ್ಸ್ ಮಾಡ್ದ. ಹಿಂದೆ ಕುರಿ ಅರಚ್ತಾ ಅವೆ, ಮುಂದೆ ಇವನು ಕಣ್ಣು ಕೆಂಪಗೆ ಮಾಡ್ಕಂಡು, "ಈ ರೋಡ್ನಾಗೆ ಹೋಗೋ ಕುರಿಯೆಲ್ಲ ನಂದೇ ಕಣ್ಲೇ! ಕೇಳೋ ಗಂಡ್ಸು ಯಾವನಾದ್ರೂ ಇದ್ರೆ ಎದುರಿಗೆ ಬಾ!"

ಬಂದ್ರು. ಹೊಸದುರ್ಗ ಸಂತೆ ಬಾಗ್ಲಾಗೇ ಪೊಲೀಸ್ರು ಎದುರಿಗೆ ಬಂದ್ರು.

ಕುರಿ ಜವನಗೊಂಡನಹಳ್ಳಿ ದೊಡ್ಡತಿಮ್ಮಪ್ಪನವು. ರಾತ್ರಿ ಅವನ ರೊಪ್ಪಕ್ಕೆ, ಅಂದ್ರೆ ಕುರಿ ಕೂಡೋ ಬೇಲಿಯೊಳಕ್ಕೆ ನುಗ್ಗಿ ಕದ್ದಿದ್ರು. ದೊಡ್ಡತಿಮ್ಮಪ್ಪ ಸಂತೇಲಿ ಕಾಯ್ತಾ ಇದ್ದ, ಗಾಡಿ ಬಂದಿದ್ದೇ ಒಂದು ಕಿವಿ ಹಿಡ್ಕಂಡು, "ಇವು ನಮ್ಮವು!" ಅಂದ. ಪೊಲೀಸ್ರು ಜುಂಜೇಶನ್ನ ಹಿಡಿದ್ರು, ಗಾಡಿ ಯಾರ್ದು ಅಂತ ಕೇಳಿ ಚೇತನ್ನನ್ನೂ ಎಳ್ಕಂಬಂದ್ರು. ರೀಲ್ಸ್ ಅಷ್ಟೊತ್ತಿಗೆ ತಾಲೂಕೆಲ್ಲ ತಿರುಗಾಡಿ ಬಂದಿತ್ತು. ಸ್ಟೇಷನ್‌ನಾಗೆ ಒಬ್ರು ಅದನ್ನೇ ಹಾಕ್ಕಂಡು, "ಎಲ್ಲಾ ನಂದೇ ಅಂತ ನೀನೇ ಹೇಳಿದೀಯಲ್ಲಪ್ಪ" ಅಂದ್ರು.

ಕಾಟಲಿಂಗಪ್ಪ ಸ್ಟೇಷನ್ನಿಗೆ ಬಂದು ಮಗನ ಮುಖ ನೋಡಿ ಒಂದೇ ಮಾತು ಕೇಳ್ದ. "ಕಿವಿ ನೋಡ್ಲಿಲ್ವೇನೋ?"

ಬೇಲ್ ಕೊಡಿಸಿದ್ದು ಚಿತ್ರಲಿಂಗಪ್ಪ. ಇಬ್ಬರಿಗೂ ಸೇರ್ಸಿ ಚಿತ್ರದುರ್ಗದಿಂದ ತನ್ನ ಹಳೇ ವಕೀಲ್ರು ಕೆಂಚಪ್ಪನೋರನ್ನ ಕರ್ಸಿದ್ದ. ಕೆಂಚಪ್ಪ ಕೆಟ್ಟ ಮನುಷ್ಯ ಅಲ್ಲ. ಹಟ್ಟಿಗೆ ಅವ್ರೇ ಬಂದ್ರು, ಕಂಬಳಿ ಮ್ಯಾಲೆ ಕುಂತ್ರು, ಜುಂಜಮ್ಮ ಕೊಟ್ಟ ಮಜ್ಜಿಗೆ ಕುಡಿದ್ರು. ಅವತ್ತು ಕಾಟಲಿಂಗಪ್ಪ ಎದ್ದು, ಒಳಗಿಂದ ಎಲೆ ಅಡಿಕೆ ತಂದು, ಎರಡೂ ಕೈಲಿ ವಕೀಲ್ರ ಕೈಗಿಟ್ಟ.

ಇದು ಏನು ಅಂತ ವಕೀಲ್ರಿಗೆ ಗೊತ್ತಾಗ್ಲಿಲ್ಲ, ಎಲೆ ಮಡಚಿ ಬಾಯಿಗೆ ಹಾಕ್ಕಂಡ್ರು. ಆ ಹಟ್ಟೀಲಿ ಅದಕ್ಕೆ ಬಾಯ್ವೀಳ್ಯ ಅಂತಾರೆ. ನ್ಯಾಯ ಕುಂತಾಗ ನನ್ನ ಪರವಾಗಿ ನೀನು ಮಾತಾಡು ಅಂತ ಹಿರೇರಿಗೆ ಕೊಡೋದು. ಕೊಟ್ಟ ಮ್ಯಾಲೆ ಕೊಟ್ಟೋನು ತುಟಿ ಬಿಚ್ಚಂಗಿಲ್ಲ, ಇಸ್ಕಂಡೋನು ಹೇಳಿದ್ದೇ ಅವನ ಮಾತು. ಕಾಟಲಿಂಗಪ್ಪನ ಲೆಕ್ಕದಾಗೆ ಹಟ್ಟಿ ಕಟ್ಟೇನೂ ಒಂದೇ, ಹಿರಿಯೂರು ಕೋರ್ಟೂ ಒಂದೇ. ಹಿಂಗೆ ಮೂರು ತಾಲೂಕಿಗೆ ಸಾಲೋವಷ್ಟು ಬಾಯಿ ಇರೋ ಜುಂಜೇಶನಿಗೆ ಒಂದು ಎಲೇಲಿ ಬೀಗ ಬಿತ್ತು.

ಮೊದಮೊದ್ಲು ಅವನೂ ತಲೆ ಕೆಡಿಸ್ಕಳ್ಲಿಲ್ಲ. ವಕೀಲ್ರಿಗೆ ಎಲ್ಲಾ ಬಿಚ್ಚಿ ಹೇಳ್ದ: ಚೇತಣ್ಣ ಫೋನ್ ಮಾಡಿದ್ದು, ಗಾಡಿ ಲೋಡಾಗೇ ಬಂದಿದ್ದು, ಯಲ್ಲಕ್ಕ ನೋಡಿದ್ದು. ಕೆಂಚಪ್ಪ ತಲೆ ಆಡಿಸ್ತಾ ಕೇಳಿಸ್ಕಂಡು, "ಆತು, ಇದನ್ನ ಇನ್ಯಾರ ಹತ್ರಾನೂ ಹೇಳ್ಬ್ಯಾಡ" ಅಂದ್ರು. ಜುಂಜೇಶ ಖುಷಿಯಾಗಿಬಿಟ್ಟ. ಹೀರೋ ಕಡೆ ಗುಟ್ಟೈತೆ ಅಂದ್ರೆ ಕ್ಲೈಮ್ಯಾಕ್ಸಲ್ಲಿ ಬಿಚ್ತಾರೆ ಅಂತ ತಾನೇ ಅರ್ಥ?

ಆರೋಪ ಓದೋ ದಿನ ಹತ್ರ ಬಂದಾಗ ಕೆಂಚಪ್ಪ ಮತ್ತೆ ಹಟ್ಟಿಗೆ ಬಂದ್ರು. ಜೊತೆಗೆ ಚಿತ್ರಲಿಂಗಪ್ಪಾನೂ ಬಂದಿದ್ದ, ಒಂದು ಗೊನೆ ಎಳನೀರು ಇಳ್ಸಿ ಜಗಲಿ ಮ್ಯಾಲೆ ಕುಂತ.

"ನೋಡಪ್ಪ ಜುಂಜೇಶ," ಅಂದ್ರು ವಕೀಲ್ರು, "ಗಾಡಿ ಓಡ್ಸಿದ್ದು ನೀನು. ಕುರಿ ನಂದೇ ಅಂತ ಹೇಳಿದ್ದೂ ನೀನು, ಲೋಕವೇ ನೋಡೈತೆ. ಕೇಸ್ ಎಳೆದ್ರೆ ವರ್ಷಗಟ್ಲೆ ಅಲೀತೀಯ. ಜಡ್ಜ್ ಕೇಳ್ದಾಗ ತಪ್ಪಾತು ಸ್ವಾಮಿ ಅಂದ್ಬಿಡು. ಮೊದ್ಲ ತಪ್ಪು, ಹುಡುಗ. ದಂಡ ಹಾಕಿ ಬಿಡ್ತಾರೆ. ಅದನ್ನ ನಾವು ಕಟ್ತೀವಿ."

"ಚೇತಣ್ಣ?"

"ಅವನಿಗೇನೂ ಗೊತ್ತಿರ್ಲಿಲ್ಲ ಅಂತ ಆಗ್ತೈತೆ. ಅವನೂ ಉಳ್ದ, ನೀನೂ ಮನೆಗ್ ಬಂದೆ."

ಚಿತ್ರಲಿಂಗಪ್ಪ ಎದ್ದು ಬಂದು ಜುಂಜೇಶನ ಹೆಗಲ ಮ್ಯಾಲೆ ಕೈ ಇಟ್ಟ. "ನಮ್ಮನೆ ಹುಡುಗ ಇದ್ದಂಗೆ ಕಣಯ್ಯ ನೀನು. ಗಾಡಿ ನಿಂದೇ, ಮತ್ತೆ ಬಂದು ಓಡ್ಸು."

ಅವ್ರು ಹೋದ ಮ್ಯಾಲೆ ಹಟ್ಟಿ ಮುಂದೆ ಕುರಿ ಬಂದ್ವು. ಸಾಯಂಕಾಲ ಆಗಿತ್ತು. ಜುಂಜೇಶ ರೊಪ್ಪದ ಗೇಟ್ ತೆಗ್ಯಾಕೆ ಹೋದ. ಅಜ್ಜಿ ಹಿಂದಿಂದ, "ಇವತ್ತು ತಗಿ. ಒಪ್ಕಂಡ ಮ್ಯಾಲೆ ತಗ್ಯಂಗಿಲ್ಲ" ಅಂದ್ಲು.

"ಏನಜ್ಜಿ ಹಂಗಂದ್ರೆ?"

"ಕುರಿ ಕದ್ದೆ ಅಂತ ಬಾಯಲ್ಲಿ ಒಪ್ಕಂಡೋನು ಈ ಹಟ್ಟೀಲಿ ಯಾವ ರೊಪ್ಪದೊಳಕ್ಕೂ ಕಾಲಿಡಂಗಿಲ್ಲ. ಸಾಯೋಗಂಟ. ನಮ್ಮ ಕಾಟಪ್ಪ ಮಾವ ಒಂದು ಟಗರಿಗೆ ಒಪ್ಕಂಡಿದ್ದ. ಆಮ್ಯಾಕೆ ಸ್ವಂತ ಕುರೀನ ಬೇಲಿ ಆಚೆ ನಿಂತು ನೋಡ್ತಿದ್ದ, ಹೆಂಡ್ತಿ ಒಳಗಡೆ ಹಾಲು ಕರ್ಯೋಳು."

"ಅಜ್ಜಿ, ನಾನು ಡ್ರೈವರ್ರು. ನಂಗ್ಯಾಕೆ ರೊಪ್ಪ?" ಅಂತ ಹೇಳ್ಬೇಕು ಅಂತ ಬಾಯಿ ತೆಗ್ದ. ಅಷ್ಟರಾಗೆ ಒಂದು ಮರಿ ಅವನ ಕಾಲ ಸಂದಿಯಾಗೆ ನುಗ್ಗಿ ಒಳಗೆ ಹೋತು. ಅಪ್ಪ ಕತ್ಲಾಗೆ ನಿಂತಿದ್ದ. ಮುಖ ಕಾಣ್ತಿರ್ಲಿಲ್ಲ. ಜುಂಜೇಶ ಮಿಕ್ಕ ಕುರಿಗೆ ಗೇಟ್ ಹಿಡ್ಕಂಡು ನಿಂತ.

ಮಾರನೇ ದಿನ ಅವನು ಕನ್ನಡಿ ನೋಡ್ದೇ ಮನೆ ಬಿಟ್ಟ. ಹಟ್ಟಿಯೋರೆಲ್ಲ ಹುಡುಗನಿಗೆ ಜ್ವರ ಬಂದೈತೆ ಅಂತ ತಿಳ್ಕಂಡ್ರು. ಮೊದ್ಲು ಯಲ್ಲಕ್ಕನ ಹೋಟ್ಲಿಗೆ ಹೋದ.

"ಅಕ್ಕ, ಅವತ್ತು ಗಾಡಿಯಿಂದ ಇಳ್ದಿದ್ದು ಯಾರು ಅಂತ ನೋಡಿದ್ಯಲ್ಲ. ಕೋರ್ಟಿಗೆ ಬಂದು ಹೇಳ್ತೀಯಾ?"

ಯಲ್ಲಕ್ಕ ಬೋಂಡ ತಿರುವಿ ಹಾಕ್ತಾ, "ನೋಡಿದ್ದನ್ನ ಹೇಳಾಕೇನು ಭಯ? ಅವನು ಟೀ ಕುಡ್ದು ಗ್ಲಾಸು ಕಟ್ಟೆ ಮ್ಯಾಲೆ ಇಡ್ದೇ ನೆಲದ ಮ್ಯಾಲೆ ಇಟ್ಟು ಹೋದ, ಅದೇ ಸಿಟ್ಟು ನಂಗೆ ಇವತ್ತಿಗೂ. ಆದ್ರೆ ನಿಮ್ ಲಾಯರ್ರು ಕರೀಬೇಕಲ್ಲಪ್ಪ. ಇಷ್ಟು ದಿನ ಆತು, ಒಂದು ಮಾತು ಬಂದು ಕೇಳಿಲ್ಲ."

ಅದು ಅವನ ತಲೇಲಿ ಮೊಳೆ ಹೊಡ್ದಂಗೆ ಕುಂತ್ಕಂತು. ಬಸ್ ಹತ್ತಿ ಹಿರಿಯೂರಿಗೆ ಹೋದ. ಕೋರ್ಟ್ ಕಾಂಪೌಂಡಿನೊಳಗೆ, ಕಾಸಿಲ್ದೋರಿಗೆ ಸರ್ಕಾರದಿಂದ ವಕೀಲ್ರು ಕೊಡ್ತಾರೆ ಅಂತ ಬೋರ್ಡ್ ಇರೋ ರೂಮು ಐತೆ. ಇಷ್ಟು ಸಲ ಓಡಾಡಿದ್ರೂ ಅವನು ಆ ಬೋರ್ಡ್ ಕೆಳಗೆ ನಿಂತು ಸೆಲ್ಫಿ ತಗಂಡಿದ್ನೇ ಹೊರ್ತು ಓದಿರ್ಲಿಲ್ಲ. ಒಳಗೆ ನೇತ್ರಾವತಿ ಅಂತ ವಕೀಲ್ರು ಕುಂತಿದ್ರು, ಕಪ್ಪು ಕೋಟು ಕುರ್ಚಿ ಬೆನ್ನಿಗೆ ಹಾಕಿ, ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂತಾ.

ಜುಂಜೇಶ ಶುರು ಹಚ್ಕಂಡ. "ಮೇಡಂ, ಇದು ಒಬ್ಬ ಅಮಾಯಕನ..."

"ತಡೀರಿ ತಡೀರಿ," ಅಂದ್ರು ಅವ್ರು. "ಕಥೆ ಬ್ಯಾಡ. ಮೊದ್ಲು ಹೆಸ್ರುಗಳು ಮಾತ್ರ ಹೇಳಿ. ನಿಮ್ದು, ನಿಮ್ ಜೊತೆ ಆರೋಪಿದು, ಕುರಿ ಕಳ್ಕೊಂಡೋರ್ದು."

ಹೇಳ್ದ. ನೇತ್ರಾವತಿ ತುತ್ತು ಕೆಳಗಿಟ್ಟು ಯೋಚ್ನೆ ಮಾಡಿದ್ರು. "ನಮ್ದು ಹೊಳಲ್ಕೆರೆ. ನಮ್ಮಣ್ಣ ಒಂದ್ಸಲ ಚಿತ್ರಲಿಂಗಪ್ಪನೋರ ತೋಟದಿಂದ ತೆಂಗಿನ ಸಸಿ ತಂದಿದ್ದ. ಅಷ್ಟು ಬಿಟ್ರೆ ನಂಗೂ ಅವ್ರಿಗೂ ಏನೂ ಇಲ್ಲ. ಇದು ನಿಮಗೆ ಗೊತ್ತಿರ್ಲಿ. ಬ್ಯಾಡ ಅನ್ಸಿದ್ರೆ ಹೇಳಿ, ಬ್ಯಾರೆ ವಕೀಲ್ರನ್ನ ಕೊಡಿಸ್ತೀನಿ."

ಜುಂಜೇಶ ಕಣ್ಣು ಬಿಟ್ಕಂಡು ನಿಂತ. "ಮೇಡಂ, ಸಸಿಗೂ ನನ್ ಕೇಸಿಗೂ ಏನ್ ಸಂಬಂಧ?"

"ಸಂಬಂಧ ಐತೋ ಇಲ್ವೋ ಅನ್ನೋದು ನೀವು ನೋಡ್ಬೇಕು. ಅದನ್ನ ಮೊದ್ಲೇ ಹೇಳೋದು ನನ್ ಕೆಲಸ."

ಆಮೇಲೆ ಎಲ್ಲಾ ಕೇಳಿದ್ರು. ಕೊನೇಗೆ ಒಂದೇ ಪ್ರಶ್ನೆ ಕೇಳಿದ್ರು. "ಯಲ್ಲಕ್ಕ ಬಂದು ಸಾಕ್ಷಿ ಹೇಳಿದ್ರೆ ಯಾರು ಉಳೀತಾರೆ, ಯಾರು ಸಿಕ್ಕಾಕ್ಕೊಂತಾರೆ?"

"ನಾನು ಉಳೀತೀನಿ. ಚೇತಣ್ಣ ಸಿಕ್ಕಾಕ್ಕಂತಾನೆ."

"ಹಂಗಾದ್ರೆ ಇಬ್ಬರಿಗೂ ಒಬ್ರೇ ವಕೀಲ್ರಾಗಿರೋರು ಯಲ್ಲಕ್ಕನ್ನ ಹೆಂಗೆ ಕರೀತಾರೆ?"

ಅವತ್ತು ಚಿತ್ರಾನ್ನದ ವಾಸ್ನೆ ಮಧ್ಯೆ ಜುಂಜೇಶನಿಗೆ ಕಿವಿ ಗುರುತು ಕಾಣ್ತು. ಕೆಂಚಪ್ಪ ವಕೀಲ್ರ ಕಿವೀದು.

"ನಿಮ್ ಕೇಸ್ ನಾನು ತಗೊಂತೀನಿ," ಅಂದ್ರು ನೇತ್ರಾವತಿ. "ಆದ್ರೆ ಹಳೇ ವಕೀಲ್ರು ಒಪ್ಪಿಗೆ ಅಂತ ಸಹಿ ಹಾಕಿ ಬಿಟ್ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ಜಡ್ಜ್ ಮುಂದೆ ನೀವೇ ಬಾಯಿಬಿಟ್ಟು ಹೇಳ್ಬೇಕು, ಇವ್ರು ನಂಗೆ ಬ್ಯಾಡ ಅಂತ. ಹೇಳ್ತೀರಾ?"

"ಮೇಡಂ, ಮಾತಾಡಾಕೆ ನಂಗೆ ಹೇಳ್ಕೊಡ್ತೀರಾ?" ಅಂತ ನಕ್ಕ ಜುಂಜೇಶ. ನಕ್ಕ ಮ್ಯಾಲೆ ಬಾಯ್ವೀಳ್ಯ ನೆನಪಾತು.

ಹಟ್ಟೀಲಿ ರಾದ್ಧಾಂತ. ಕಾಟಲಿಂಗಪ್ಪ ಯಾವತ್ತೂ ಆಡದಷ್ಟು ಮಾತಾಡ್ದ. "ಎರಡು ಕೈಲಿ ಕೊಟ್ಟಿದೀನಿ ಕಣೋ ಎಲೇನ! ಬೇಲ್ ಕೊಡ್ಸಿದ್ದು ಯಾರು? ಅನ್ನ ಹಾಕಿದ್ದು ಯಾರು? ಕೊಟ್ಟ ಬಾಯಿ ಕಿತ್ಕಳಾಕೆ ನಾನೇನು ನಾಯಿನಾ?"

"ಅಪ್ಪ, ಅವ್ರು ಚೇತಣ್ಣನ ಕಡೆ ಮಾತಾಡ್ತಾರೆ."

"ಚೇತನ್ನು ಎದುರು ಕಡೆ ಅಲ್ಲ. ಎದುರು ಕಡೆ ದೊಡ್ಡತಿಮ್ಮಪ್ಪ. ನೀವಿಬ್ರೂ ಒಂದೇ ಕಡೆ."

ಜುಂಜೇಶ ಅಜ್ಜಿ ಕಡೆ ತಿರುಗಿದ. "ಅಜ್ಜಿ, ಕೊಟ್ಟ ವೀಳ್ಯ ವಾಪಸ್ ಇಸ್ಕಳಾಕೆ ದಾರೀನೇ ಇಲ್ವಾ?"

"ಒಂದೈತೆ," ಅಂದ್ಲು ಜುಂಜಮ್ಮ, ಬಾಯಾಗಿನ ಎಲೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಕಂಡು. "ಇಸ್ಕಂಡೋನು ಎರಡೂ ಕಡೇದು ಇಸ್ಕಂಡಿದ್ರೆ, ಅವನ ಮುಂದೆ ಎಲೆ ಮಗುಚಿ ಇಟ್ಟು ಎದ್ದು ಬರ್ಬೋದು. ಆದ್ರೆ ನಾವು ಅಂದ್ಕಂಡ್ರೆ ಆಗಲ್ಲ. ಅವನ ಬಾಯಿಂದ್ಲೇ ಅದು ಗೊತ್ತಾಗ್ಬೇಕು."

"ಆತು. ಅಪ್ಪ, ನಾಳೆ ದುರ್ಗಕ್ಕೆ ಹೋಗಾಣ ಬಾ. ಅವ್ರನ್ನೇ ಕೇಳಾಣ. ನಾನು ತಪ್ಪು ಅಂತ ಆದ್ರೆ ನಿನ್ ಮುಂದೆ ಕಮಕ್ ಕಿಮಕ್ ಅನ್ನಲ್ಲ, ಒಪ್ಕಂಡ್ಬಿಡ್ತೀನಿ."

ಕಾಟಲಿಂಗಪ್ಪ ಬೆಳಗ್ಗೆ ಎದ್ದು ಹೆಗಲಿಗೆ ಕಂಬಳಿ ಹಾಕ್ಕಂಡ. ಕಂಬಳಿ ಗಂಟಿನಾಗೆ ಏನಿಟ್ಕಂಡ ಅಂತ ಜುಂಜೇಶ ಕೇಳ್ಲಿಲ್ಲ.

ಕೆಂಚಪ್ಪನೋರ ಆಫೀಸು ಚಿತ್ರದುರ್ಗದಾಗೆ ಒಂದು ಮಹಡಿ ಮ್ಯಾಲೆ. ಮೆಟ್ಲು ಹತ್ತಾವಾಗ ಜುಂಜೇಶ ಒಂದು ಡೈಲಾಗ್ ರೆಡಿ ಮಾಡ್ಕಂಡಿದ್ದ: "ಕುರಿ ಕಾಯೋನು ಸುಮ್ನೆ ಕುಂತವ್ನೆ ಅಂದ್ರೆ ತೋಳ ಗೆದ್ದೈತೆ ಅಂತಲ್ಲ ಸಾರ್, ತೋಳಕ್ಕೆ ಕೊನೇ ಚಾನ್ಸ್ ಕೊಟ್ಟವ್ನೆ ಅಂತ." ಒಳಗೆ ಹೋದ್ರೆ ಕೆಂಚಪ್ಪ ಎದ್ದು ನಿಂತು, "ಬರ್ರಿ ಕಾಟಲಿಂಗಪ್ಪ, ಕುಂತ್ಕಳ್ರಿ. ಊಟ ಆತಾ?" ಅಂದ್ಬಿಟ್ರು. ಹಿಂಗಂದೋರಿಗೆ ಡೈಲಾಗ್ ಹೊಡೆಯೋದು ಹೆಂಗ್ರಿ? ನುಂಗ್ಕಂಡ. ಟೀ ಬಂತು.

"ಸಾರ್," ಅಂದ, ನಾವು ನೀವು ಮಾತಾಡ್ದಂಗೇ. "ಯಲ್ಲಕ್ಕನ್ನ ಕರ್ಸಿದ್ರೆ ನಾನು ಉಳೀತೀನಾ?"

ಕೆಂಚಪ್ಪ ಕನ್ನಡಕ ತೆಗ್ದು ಒರ್ಸಿದ್ರು. "ಉಳೀಬೋದು. ಗ್ಯಾರಂಟಿ ಹೇಳಾಕಾಗಲ್ಲ."

"ಚೇತಣ್ಣ?"

"ನೋಡಪ್ಪ, ನೀವಿಬ್ರೂ ಒಂದೇ ಗಾಡೀಲಿ ಇದ್ದೀರಿ."

"ಒಂದೇ ಗಾಡೀಲಿ ಇಬ್ರೂ ಇರ್ಲಿಲ್ಲ ಸಾರ್. ಅವನು ಇಳ್ದ, ನಾನು ಹತ್ತಿದೆ. ಅಷ್ಟೇ ಕೇಸು."

ವಕೀಲ್ರು ನಕ್ಕಂಗೆ ಮಾಡಿದ್ರು. ಅಷ್ಟರಾಗೆ ಟೇಬಲ್ ಮ್ಯಾಲೆ ಫೋನ್ ಬಡ್ಕಂತು. ತಗಂಡ್ರು. "ಹಾ ಚಿತ್ರಲಿಂಗಪ್ಪ... ಇಲ್ಲೇ ಕುಂತವ್ರೆ... ಏನೂ ತೊಂದ್ರೆ ಇಲ್ಲ, ಒಪ್ಕಂತಾನೆ. ನಾನು ಹೇಳ್ತೀನಲ್ಲ. ನಿಮ್ಮ ಹುಡುಗಂದು ನೀವು ತಲೆ ಕೆಡಿಸ್ಕಬ್ಯಾಡ್ರಿ." ಫೋನ್ ಇಟ್ರು. ಇಟ್ಟ ಮ್ಯಾಲೆ ತಾವೇನು ಅಂದ್ರು, ಯಾರ ಮುಂದೆ ಅಂದ್ರು ಅಂತ ಅವ್ರಿಗೇ ಗೊತ್ತಾತು.

ಕಾಟಲಿಂಗಪ್ಪ ಟೀ ಗ್ಲಾಸು ಕೆಳಗಿಟ್ಟ. ಕಂಬಳಿ ಗಂಟು ಬಿಚ್ಚಿ ಒಂದು ವೀಳ್ಯದೆಲೆ ತೆಗ್ದ, ತೊಡೆಗೆ ಒರೆಸ್ದ, ವಕೀಲ್ರ ಟೇಬಲ್ ಮ್ಯಾಲೆ, ಫೈಲಿನ ಪಕ್ಕ, ಬೆನ್ನು ಮ್ಯಾಲೆ ಮಾಡಿ ಮಗುಚಿಟ್ಟ.

"ಏನ್ರಿ ಇದು?" ಅಂದ್ರು ಕೆಂಚಪ್ಪ.

"ನನ್ ಮಗನ ಬಾಯಿ ಸಾಮಿ. ವಾಪಸ್ ತಗಂಡೋಯ್ತಿದೀನಿ."

ಒಪ್ಪಿಗೆ ಸಹಿ ಕೇಳಿದ್ರೆ ಕೆಂಚಪ್ಪ, "ಕೋರ್ಟ್ ದಿನ ನೋಡಾಣ" ಅಂದ್ರು, ಎಲೆಯಿಂದ ಕಣ್ಣು ಎತ್ತದೇನೇ. ಮೆಟ್ಲು ಇಳ್ಯಾವಾಗ ಕಾಟಲಿಂಗಪ್ಪ ಮಗನ ಬೆನ್ನಿಗೆ ಒಂದು ಗುದ್ದಿದ. "ಬಾಯಿ ಬಂತಲ್ಲ ಮಗನೇ. ಇನ್ನು ನೀನೇ ಮಾತಾಡು. ಆದ್ರೆ ಮಾತಾಡು, ನಾಟ್ಕ ಆಡ್ಬ್ಯಾಡ."

ಈಗ ಬಂತು ನೋಡ್ರಿ ಕ್ಲೈಮ್ಯಾಕ್ಸು!

ಹಿರಿಯೂರು ಕೋರ್ಟು. ಜನ ಕಿಕ್ಕಿರ್ದು ಕಿಟಕಿ ಸರಳು ಹಿಡ್ಕಂಡು ನೇತಾಡ್ತಾ ಅವ್ರೆ. ಕೆಂಚಪ್ಪ ಎದ್ದು, "ನನ್ನ ಕಕ್ಷಿದಾರ ತಪ್ಪೊಪ್ಕೊಳ್ತಾನೆ ಸ್ವಾಮಿ" ಅಂದಿದ್ದೇ ತಡ, ಜುಂಜೇಶ ಕಟಕಟೆ ಮ್ಯಾಲೆ ಕೈ ಬಡ್ದ. ಧೂಳು ಎದ್ದು ಬಿಸಿಲಾಗೆ ಹೊಳೀತು. "ನಿಲ್ರಿ ಲಾಯರ್ರೇ! ಒಂದು ಕಂಕುಳಾಗೆ ಕುರಿ, ಇನ್ನೊಂದು ಕಂಕುಳಾಗೆ ತೋಳ ಇಟ್ಕಂಡು ನಡೆಯೋ ಕುರುಬ ಈ ಭೂಮಿ ಮ್ಯಾಲೆ ಹುಟ್ಟಿಲ್ಲ! ನೀವು ಯಾರ ಉಪ್ಪು ತಿಂದ್ರೋ ಅವ್ರ ಬಾಯಾಗ್ರಿ. ನನ್ ಬಾಯಿ ನಂದು! ಕಿವಿ ಕತ್ರಿಸಿದ್ರೂ ನನ್ ಗುರುತು ನಂದೇ!" ಜಡ್ಜ್ ಸುತ್ತಿಗೆ ತಗಂಡು ಟಪ್ ಟಪ್ ಬಡ್ದು "ಆರ್ಡರ್! ಆರ್ಡರ್!" ಅಂದ್ರು, ಸುತ್ತಿಗೆ ಮುರ್ದು ಹೋತು. ಚೇತನ್ನು ಓಡಿ ಬಂದು ಜುಂಜೇಶನ ಕಾಲಿಗೆ ಬಿದ್ದ. ಜುಂಜೇಶನ್ನ ಖುಲಾಸೆ ಮಾಡಿದೀನಿ ಅಂತ ಜಡ್ಜ್ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಆ ಸೌಂಡಿಗೇ ಗೋಡೆ...

ಬ್ಯಾಡ ಬಿಡ್ರಿ.

ಅವತ್ತು ದೋಸ್ತನ ಕೇಸು ಅಂತ ನಾನೂ ಹೋಗಿ ಕೋರ್ಟಿನ ಹಿಂದಿನ ಬೆಂಚಲ್ಲೇ ಕುಂತಿದ್ದೆ. ಕಾಟಲಿಂಗಪ್ಪ ನನ್ ಪಕ್ಕ. ಇದುವರ್ಗೂ ಹೇಳಿದ್ದೆಲ್ಲ ನಿಜ, ಎಲೆ ಮಗುಚಿದ್ದೂ ನಿಜ. ಈ ಕೊನೇದು ಮಾತ್ರ ನಾನು ಬರ್ದಿದ್ದು. ಜಡ್ಜ್ ಹತ್ರ ಸುತ್ತಿಗೆನೇ ಇರ್ಲಿಲ್ಲ. ಒಂದು ಪೆನ್ ಇತ್ತು. ಜನಾನೂ ಇರ್ಲಿಲ್ಲ, ಅವ್ರವ್ರ ಕೇಸ್ ಯಾವಾಗ ಕೂಗ್ತಾರೆ ಅಂತ ಆಕಳಿಸ್ತಾ ಕುಂತಿದ್ದೋರು ಅಷ್ಟೇ.

ಜುಂಜೇಶನ ಹೆಸ್ರು ಕೂಗಿದ್ರು. ಹೋಗಿ ನಿಂತ. ಕೆಂಚಪ್ಪ ಎದ್ದು ನಿಂತ್ರು, ಅದು ನಿಜ. ಆದ್ರೆ ಏನೂ ಹೇಳ್ಲಿಲ್ಲ, ಫೈಲ್ ತಿರುವಿ ಹಾಕ್ತಾ ನಿಂತ್ರು. ಜಡ್ಜ್ ಮೇಡಂ ಆರೋಪ ಓದಿ ಹೇಳಿ, "ಏನಂತೀರಿ? ಒಪ್ಕೊಳ್ತೀರಾ?" ಅಂತ ಕೇಳಿದ್ರು. ಜುಂಜೇಶ ಬಾಯಿ ತೆಗ್ದ. ಏನೂ ಬರ್ಲಿಲ್ಲ. ಊರೆಲ್ಲ ಎಮ್ಮೆ ತೊಳ್ಸಿದ್ದ ಬಾಯಿ ಅದು. ಚಿತ್ರಲಿಂಗಪ್ಪ ಮುಂದಿನ ಸಾಲಲ್ಲಿ ಕುಂತು ಅವನ್ನೇ ನೋಡ್ತಿದ್ದ. ಚೇತನ್ನು ನೆಲ ನೋಡ್ತಿದ್ದ.

"ಜೋರಾಗಿ ಹೇಳಪ್ಪ," ಅಂದ್ರು ಜಡ್ಜ್.

"ಇವ್ರು..." ಅಂದ. ದನಿ ಮರಿ ಕೂಗ್ದಂಗೆ ಒಡೀತು. ಯಾರೋ ಕಿಸಕ್ಕಂದ್ರು. "ಇವ್ರು ನನ್ ವಕೀಲ್ರಲ್ಲ ಮೇಡಂ. ಚೇತಣ್ಣನ ವಕೀಲ್ರು. ಇಬ್ಬರಿಗೂ ಒಬ್ರೇ ಆಗಾಕೆ ಬರಲ್ಲ. ನಾನು ಕದ್ದಿಲ್ಲ. ಕಿವಿ ನೋಡ್ಲಿಲ್ಲ, ಅದು ನನ್ ತಪ್ಪು. ಕದ್ದಿಲ್ಲ."

ಅಷ್ಟೇ. ಅಷ್ಟೇ ಕಣ್ರಿ ಇಡೀ ಕ್ಲೈಮ್ಯಾಕ್ಸು.

ಜಡ್ಜ್ ಕೆಂಚಪ್ಪನೋರ ಕಡೆ ನೋಡಿದ್ರು. ನಂಗೆ ಅವ್ರನ್ನ ವಿಲನ್ ಮಾಡ್ಬೇಕು ಅಂತ ಭಾಳ ಆಸೆ ಇತ್ತು. ಆದ್ರೆ ಆ ಮನುಷ್ಯ, "ನಂದೇನೂ ತಕರಾರಿಲ್ಲ. ಎರಡು ಕಡೆ ಮಾತೂ ನಾನು ಕೇಳಿಬಿಟ್ಟಿದೀನಿ. ಇಬ್ಬರ ಪರವಾಗೂ ಇನ್ನು ನಾನು ನಿಲ್ಲೋದಿಲ್ಲ" ಅಂದು, ಅಲ್ಲೇ ಸಹಿ ಹಾಕಿ, ಬ್ಯಾಗ್ ತಗಂಡು ಹೊರಟೋದ್ರು. ಚಿತ್ರಲಿಂಗಪ್ಪ ಅವ್ರ ಹಿಂದೇನೇ ಓಡಿದ. ನೇತ್ರಾವತಿ ಎದ್ದು ನಿಂತು ಎರಡು ಮಾತಾಡಿದ್ರು. ಜಡ್ಜ್ ಬರ್ಕಂಡ್ರು, ಮುಂದಿನ ತಾರೀಖು ಕೊಟ್ರು. ಒಂದು ಟೀ ಆರೋದ್ರೊಳಗೆ ಎಲ್ಲಾ ಮುಗೀತು.

ಖುಲಾಸೆ ಇನ್ನೂ ಆಗಿಲ್ಲ. ಕೇಸ್ ನಡೀತೈತೆ. ಯಲ್ಲಕ್ಕ ಸಾಕ್ಷಿ ಹೇಳಾಕೆ ಸೀರೆ ತೆಗ್ದಿಟ್ಕಂಡು ಕಾಯ್ತಾ ಅವ್ಳೆ. ಪಿಕಪ್ ಕೆಲಸ ಹೋತು. ಗೋಡೇಲಿ ಬಿರುಕು ಐತೆ, ಸುಳ್ಳಲ್ಲ. ಅದು ಮೊದ್ಲಿಂದ್ಲೂ ಇತ್ತು.

ಅವತ್ತು ನಾವು ಮೂರೂ ಜನ ಒಂದೇ ಬಸ್ಸಲ್ಲಿ ವಾಪಸ್ ಬಂದ್ವಿ. ಹಟ್ಟಿಗೆ ಬರೋವಾಗ ಕುರಿ ಮನೆ ಕಡೆ ತಿರುಗಿದ್ವು. ಜುಂಜಮ್ಮ ಜಗಲಿ ಮ್ಯಾಲೆ ಕುಂತಿದ್ಲು. ಒಪ್ಕಂಡಿಲ್ಲ ಅಂತ ಮುಖ ನೋಡೇ ತಿಳ್ಕಂಡು, ರೊಪ್ಪದ ಕಡೆ ಗದ್ದ ಎತ್ತಿ ತೋರಿಸಿದ್ಲು. ಜುಂಜೇಶ ಹೋಗಿ ಗೇಟ್ ತೆಗ್ದು ಒಳಗೆ ನಿಂತ್ಕಂಡ. ಕುರಿ ಒಂದೊಂದಾಗಿ ನುಗ್ಗೋವಾಗ ಒಂದೊಂದ್ರ ಕಿವೀನೂ ಹಿಡ್ದು ನೋಡ್ತಿದ್ದ.

"ನಮ್ಮವೇ ಕಣ್ಲೇ ಎಲ್ಲಾ, ಬಿಡು," ಅಂದ ಕಾಟಲಿಂಗಪ್ಪ.

"ನೋಡ್ಬಿಡಾಣ ಇರಪ್ಪ," ಅಂದ ಜುಂಜೇಶ.